ಉಪ್ಪುಕಾಗದದ ರ‍್ಯಾಕಿನಲ್ಲಿ ವ್ಯಾಜಸ್ತುತಿ

ಕೆಲವರಿಗೆ ಹಲ್ಲಿ ಕಂಡರೆ ಭಯ, ಕೆಲವರಿಗೆ ಸಿಡಿಲು ಬಡಿದರೆ ಭಯ. ನನಗೆ ಭಯವಾಗುವುದು ‘ಲಕ್ಷಣ ಬರೆದು ಉದಾಹರಣೆ ಕೊಡಿ’ ಎಂಬ ನಾಲ್ಕು ಪದಗಳನ್ನು ಕಂಡರೆ. ಪದ್ಯ ಓದುವುದಕ್ಕೆ ನನಗೆ ಯಾವ ತೊಂದರೆಯೂ ಇಲ್ಲ. ಮುಖ ಕಮಲದಂತಿದೆ ಎಂದರೆ ಸಂತೋಷವಾಗಿ ಮುಂದೆ ಹೋಗುತ್ತೇನೆ. ಮುಖವೇ ಕಮಲ ಎಂದರೂ ನನ್ನದೇನೂ ತಕರಾರಿಲ್ಲ. ಇದು ಮುಖವಲ್ಲ, ಕಮಲ ಎಂದರೆ ಅದೂ ಆಗಲಿ ಬಿಡಿ ಎನ್ನುತ್ತೇನೆ. ಆದರೆ ಮೊದಲನೆಯದು ಉಪಮೆ, ಎರಡನೆಯದು ರೂಪಕ, ಮೂರನೆಯದು ಅಪಹ್ನುತಿ ಎಂದು ಪರೀಕ್ಷೆಯಲ್ಲಿ ಬಿಡಿಸಿ ಬರೆಯಬೇಕಾದಾಗ ಮುಖವೂ ಹೋಗಿ, ಕಮಲವೂ ಹೋಗಿ, ಬರೀ ಕೆಸರು ಉಳಿಯುತ್ತದೆ.

ಐವತ್ಮೂರರ ವಯಸ್ಸಿನಲ್ಲಿ ಈ ಕೆಸರಿಗೆ ಯಾಕೆ ಇಳಿದಿರಿ ಎಂದು ನೀವು ಕೇಳಬಹುದು. ನಮ್ಮ ಸರಸ್ವತಿ ನಗರದ ಓಣಿಯವರೆಲ್ಲ ಕೇಳಿದ್ದಾರೆ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಅಕ್ಕಿ ಗಿರಣಿಗೆ ಬೇಕಾದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್‌ಕೀಪರ್. ನನ್ನ ಕನ್ನಡ ಎಂ.ಎ.ಯಿಂದ ಅಲ್ಲಿನ ಒಂದು ನಟ್ಟೂ ಹೆಚ್ಚು ಬಿಗಿಯಾಗುವುದಿಲ್ಲ. ಆದರೆ ಹುಡುಗನಾಗಿದ್ದಾಗಿನಿಂದ ನನಗೆ ಪದ್ಯದ ಹುಚ್ಚು. ಆ ಹುಚ್ಚಿಗೊಂದು ಸರ್ಟಿಫಿಕೇಟು ಇರಲಿ ಎಂದು ಅಂಚೆ ಮೂಲಕ ಕಲಿಸುವ ಎಂ.ಎ.ಗೆ ಸೇರಿ, ಸೇರಿದ ದಿನವೇ ಓಣಿಗೆಲ್ಲ ಪೇಡ ಹಂಚಿಬಿಟ್ಟೆ. ತಪ್ಪಾದದ್ದೇ ಅಲ್ಲಿ. ಉಳಿದ ಪತ್ರಿಕೆಗಳೆಲ್ಲ ಹೇಗೋ ದಡ ಸೇರಿದವು. ಅಲಂಕಾರದ ಪತ್ರಿಕೆ ಎರಡು ಸಲ ಮುಳುಗಿಸಿತು. ಮೂರನೆಯದು ಕೊನೆಯ ಅವಕಾಶ. ಅದೂ ಹೋದರೆ ನೋಂದಣಿಯ ಅವಧಿ ಮುಗಿದು, ಪಾಸಾದ ಪತ್ರಿಕೆಗಳೂ ಅದರ ಜೊತೆಗೇ ಹೋಗುತ್ತವೆಂದು ಅವರ ಕಾಗದ ಹೇಳುತ್ತಿತ್ತು. ಆ ಕಾಗದವನ್ನು ನಾನು ದಿನಕ್ಕೆರಡು ಸಲ ಓದುತ್ತಿದ್ದೆ, ನಿಯಮವೇನಾದರೂ ಬದಲಾಗಿರಬಹುದೇ ಎಂದು.

ಈ ಸಲ ಪಾಸಾಗಿಯೇ ತೀರಬೇಕೆಂದು ಹಠ ಹಿಡಿದೆ. ಹಠ ಹಿಡಿದ ಮಾತ್ರಕ್ಕೆ ನೆನಪು ನಿಲ್ಲುತ್ತದೆಯೇ? ಬಾಯಿಪಾಠ ಮಾಡಿದ್ದು ಬಸ್ ಸ್ಟ್ಯಾಂಡು ದಾಟುವಷ್ಟರಲ್ಲಿ ಹಾರಿಹೋಗುತ್ತಿತ್ತು. ಆಗ ಹೊಳೆಯಿತು: ಹೆಂಡತಿಯ ಹುಟ್ಟುಹಬ್ಬ ಮರೆಯುವ ನನಗೆ ಇಪ್ಪತ್ತೆರಡು ವರ್ಷದಿಂದ ಸ್ಟೋರಿನ ಒಂದು ಸಾಮಾನೂ ಮರೆತಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಯಾವ ರ‍್ಯಾಕಿನ ಯಾವ ಗೂಡಿನಲ್ಲಿ ಏನಿದೆ ಎಂದು ಹೇಳಬಲ್ಲೆ. ಹಾಗಿದ್ದ ಮೇಲೆ ಅಲಂಕಾರಗಳನ್ನೂ ಸ್ಟೋರಿಗೆ ಹಾಕಿಕೊಂಡರಾಯಿತು!

ಪ್ರತಿ ಗೂಡಿಗೂ ಒಂದು ಬಿನ್ ಕಾರ್ಡು ನೇತುಹಾಕಿರುತ್ತೇವೆ, ಸಾಮಾನಿನ ಹೆಸರು ಬರೆದು. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಒಂದೊಂದು ಅಲಂಕಾರ ಬರೆದೆ. ಮೊದಲ ರ‍್ಯಾಕು ಬೋಲ್ಟಿನದು, ಅದಕ್ಕೆ ಉಪಮೆ. ಬೋಲ್ಟು, ನಟ್ಟು, ವಾಷರ್, ಸ್ಪ್ರಿಂಗ್ ವಾಷರ್ ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಕಳೆದುಹೋಗಿದ್ದರೆ ಲುಪ್ತೋಪಮೆ. ಎರಡನೆಯದರಲ್ಲಿ ವೆಲ್ಡಿಂಗ್ ಮಾಡಿದ ತುಂಡುಗಳು, ಎರಡು ಹೋಗಿ ಒಂದಾದದ್ದು, ಅಂದರೆ ರೂಪಕ. ಬಣ್ಣದ ಡಬ್ಬಿಗಳಿಗೆ ಉತ್ಪ್ರೇಕ್ಷೆ: ಹಳೆಯ ಕಬ್ಬಿಣವನ್ನು ಹೊಸದೋ ಏನೋ ಎಂದು ಕಲ್ಪಿಸಿಕೊಳ್ಳುವಂತೆ ಮಾಡುವುದು ಅದೇ ತಾನೆ?

ವ್ಯಾಜಸ್ತುತಿಗೆ ಮಾತ್ರ ಜಾಗ ಸಿಗಲಿಲ್ಲ. ಸ್ಟೋರಿನಲ್ಲಿ ಸಾಮಾನು ಎತ್ತಿಡುವ ರುದ್ರಪ್ಪ ನನಗಿಂತ ಹಿರಿಯ, ರಿಟೈರಾಗಲು ಎರಡು ವರ್ಷ ಇದೆ. ಅವನು ಬಂದು ಕೇಳಿದ, “ಏನ್ ಸಾರ್, ಕಾರ್ಡು ಹಿಡ್ಕಂಡು ದೇವ್ರ ಮುಂದೆ ನಿಂತಂಗೆ ನಿಂತೀರಿ?”

“ಹೊರಗೆ ಹೊಗಳಿಕೆ, ಒಳಗೆ ಬೈಗಳ. ಅಂಥ ಸಾಮಾನು ಯಾವುದೈತೆ ರುದ್ರಪ್ಪ?”

ರುದ್ರಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. “ಉಪ್ಪುಕಾಗದ ಅಲ್ಲೇನ್ ಸಾರ್? ನೋಡಾಕೆ ಸವರಿದಂಗೆ ಇರ್ತೈತಿ, ಚರ್ಮ ಕಿತ್ಕಂಡ್ ಬರ್ತೈತಿ.”

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ. ನನ್ನ ಬದಲು ಅವನೇ ಪರೀಕ್ಷೆಗೆ ಕೂತಿದ್ದರೆ ಮೊದಲ ಸಲಕ್ಕೇ ಪಾಸಾಗುತ್ತಿದ್ದ. ತಿಂಗಳೊಳಗೆ ಫಿಟ್ಟರುಗಳಿಗೂ ವಿಷಯ ಹಬ್ಬಿ, “ಎರಡು ಹಾಳೆ ವ್ಯಾಜಸ್ತುತಿ ಕೊಡ್ರಿ ಸಾರ್” ಎಂದು ಕಿಟಕಿಯಲ್ಲಿ ಕೈ ಚಾಚತೊಡಗಿದರು. ನನಗೆ ಸಿಟ್ಟು ಬರಲಿಲ್ಲ. ಪ್ರತಿ ಸಲ ಎದ್ದು ಹೋಗಿ ಕೊಡುವಾಗಲೂ ಒಂದು ಸಲ ಲಕ್ಷಣ ಹೇಳಿಕೊಳ್ಳುತ್ತಿದ್ದೆ. ಪಾಠ ಬೋಲ್ಟಿನಂತೆ ಕೂತುಬಿಟ್ಟಿತು.

ಪರೀಕ್ಷೆಗೆ ವಾರವಿದ್ದಾಗ ರಜೆ ಹಾಕಿದೆ, ಮನೆಯಲ್ಲಿ ನೆಮ್ಮದಿಯಾಗಿ ಚಿಂತೆ ಮಾಡಲು. ಪರೀಕ್ಷೆಯ ಹಿಂದಿನ ದಿನ ಕೊನೆಯದಾಗಿ ಒಂದು ಸುತ್ತು ಹಾಕಿ ಬರೋಣವೆಂದು ಸ್ಟೋರಿಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮೊದಲ ರ‍್ಯಾಕಿನಲ್ಲಿ ಬಣ್ಣದ ಡಬ್ಬಿಗಳು! ಬೋಲ್ಟುಗಳು ಕಿಟಕಿಯ ಬಳಿ, ಉಪ್ಪುಕಾಗದ ಎಲ್ಲೋ ಮೇಲೆ. ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಹೊಸ ಮ್ಯಾನೇಜರು ಇಡೀ ಸ್ಟೋರನ್ನು ತಿರುಗಿಸಿ ಇಡಿಸಿದ್ದರು. ಕಾರ್ಡುಗಳು ಮಾತ್ರ ಇದ್ದಲ್ಲೇ ಇದ್ದವು. ಬಣ್ಣದ ಡಬ್ಬಿಯ ಕೆಳಗೆ ‘ಬೋಲ್ಟು’ ಎಂಬ ಕಾರ್ಡು ತೂಗುತ್ತಿತ್ತು.

“ಕಾರ್ಡು ಯಾಕ ಬದಲಾಯಿಸಿಲ್ಲ ರುದ್ರಪ್ಪ?”

“ಹೆಂಗೆ ಬದಲಾಯಿಸ್ಲಿ ಸಾರ್? ಹಿಂದೆ ನಿಮ್ಮ ಪಾಠ ಐತಲ್ಲ. ಸಾಮಾನು ಎಲ್ಲಿ ಬೇಕಾದ್ರೂ ಹೋಗ್ಲಿ, ಪರೀಕ್ಷೆ ಮುಗಿಯಾಗಂಟ ಪಾಠ ಅಲ್ಲಾಡಬಾರ್ದು ಅಂದ್ಕಂಡೆ. ಮೂರು ದಿನದಿಂದ ಫಿಟ್ಟರ್‌ಗಳು ಬೈದಿದ್ದು ಬೈದಿದ್ದೇ. ನಾನು ಒಂದು ಕಾರ್ಡಿಗೂ ಕೈ ಹಚ್ಚಾಕೆ ಬಿಟ್ಟಿಲ್ಲ.”

ಇಂಥ ಪ್ರೀತಿಗೆ ಏನು ಹೇಳಬೇಕು? ಥ್ಯಾಂಕ್ಸ್ ಎಂದು ಹೇಳಿ ಮನೆಗೆ ಬಂದು ಮಲಗಿದೆ.

ಬೆಳಿಗ್ಗೆ ಹರಿಹರದ ಬಸ್ಸು ಹಿಡಿಯಬೇಕು, ಪರೀಕ್ಷಾ ಕೇಂದ್ರ ಅಲ್ಲಿ. ಹೆಂಡತಿ ಗಿರಿಜಾ ಡಬ್ಬಿ ಕಟ್ಟಿಕೊಟ್ಟು, ಬಾಗಿಲವರೆಗೆ ಬಂದು ಹೇಳಿದಳು: “ಹೋಗ್ಬರ್ರಿ. ಒಂದೇ ಪರೀಕ್ಷೆ ಮೂರು ಮೂರು ಸಲ ಬರೆಯೋ ಭಾಗ್ಯ ಎಲ್ಲಾರ್ಗೂ ಸಿಗ್ತೈತೇನು?” ನನಗೆ ಮೈಯೆಲ್ಲ ಉಪ್ಪುಕಾಗದ ಎಳೆದಂತಾಯಿತು. ತುಂಗಭದ್ರೆಯ ಸೇತುವೆ ದೂರದಲ್ಲಿ ಕಾಣುವವರೆಗೂ ಉರಿಯುತ್ತಲೇ ಇತ್ತು.

ಪ್ರಶ್ನೆಪತ್ರಿಕೆಯ ಮೊದಲನೆಯದೇ ‘ಉಪಮಾಲಂಕಾರದ ಲಕ್ಷಣ ಬರೆದು ಉದಾಹರಣೆ ಕೊಡಿ.’ ಕಣ್ಣು ಮುಚ್ಚಿ ಸ್ಟೋರಿನ ಬಾಗಿಲು ತೆಗೆದೆ, ಮೊದಲ ರ‍್ಯಾಕಿಗೆ ಹೋದೆ. ಬಣ್ಣದ ಡಬ್ಬಿ! ನಿನ್ನೆ ಕಂಡದ್ದು ಇಪ್ಪತ್ತೆರಡು ವರ್ಷ ಕಂಡದ್ದನ್ನು ಒರಸಿಹಾಕಿತ್ತು. ಉಪಮೆಯ ಜಾಗದಲ್ಲಿ ಉತ್ಪ್ರೇಕ್ಷೆ ಕೂತು ಹಲ್ಲು ಕಿಸಿಯುತ್ತಿತ್ತು. ಕಿಟಕಿಯ ಕಡೆ ತಡಕಾಡಿದೆ. ಕೈ ನಿಜವಾಗಿಯೂ ಗಾಳಿಯಲ್ಲಿ ಆಡುತ್ತಿತ್ತೆಂದು ಕಾಣುತ್ತದೆ, ಕೊಠಡಿ ಮೇಲ್ವಿಚಾರಕಿ ಹತ್ತಿರ ಬಂದರು.

“ಯಾಕ್ರಿ ಯಜಮಾನ್ರೇ, ಹುಷಾರಿಲ್ಲೇನ್ರಿ?”

“ಇಲ್ಲ ಮೇಡಂ, ಬೋಲ್ಟು ಹುಡುಕ್ತಿದ್ದೆ.”

ಆಕೆ ನೀರು ತರಿಸಿಕೊಟ್ಟರು. ಕುಡಿದು ನನಗೆ ನಾನೇ ಗದರಿಕೊಂಡೆ: ರ‍್ಯಾಕು ಮ್ಯಾನೇಜರದು, ಬೋಲ್ಟು ನಿನ್ನದು. ಅದು ಎಲ್ಲಿದ್ದರೇನು, ಕೈಯಲ್ಲಿ ಹಿಡಿದರೆ ಗೊತ್ತಾಗುವುದಿಲ್ಲವೆ? ಜಾಗ ಬಿಟ್ಟು ಸಾಮಾನನ್ನು ನೆನೆದೆ. ಬೋಲ್ಟು, ನಟ್ಟು, ವಾಷರ್, ಸ್ಪ್ರಿಂಗ್ ವಾಷರ್. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಪೆನ್ನು ಓಡಿತು. ವೆಲ್ಡಿಂಗಿನ ವಾಸನೆಯ ಹಿಂದೆ ರೂಪಕ ಬಂತು, ಬಣ್ಣದ ಹಿಂದೆ ಉತ್ಪ್ರೇಕ್ಷೆ. ಕೊನೆಯಲ್ಲಿ ವ್ಯಾಜಸ್ತುತಿ. ಲಕ್ಷಣವೇನೋ ರುದ್ರಪ್ಪನ ದಯೆಯಿಂದ ಬರೆದೆ, ಪುಸ್ತಕದ ಉದಾಹರಣೆ ಮಾತ್ರ ಬಾಯಿಗೆ ಬರಲೊಲ್ಲದು. ಗಂಟೆ ಹೊಡೆಯಲು ಐದು ನಿಮಿಷವಿತ್ತು. ಗಟ್ಟಿ ಮನಸ್ಸು ಮಾಡಿ ಗಿರಿಜಾಳ ಮಾತನ್ನೇ ಬರೆದೆ: ‘ಪರೀಕ್ಷೆಗೆ ಹೊರಟ ಪತಿಗೆ ಪತ್ನಿ ಹೀಗೆನ್ನುತ್ತಾಳೆ. ಇಲ್ಲಿ ಭಾಗ್ಯವೆಂಬ ಹೊಗಳಿಕೆಯ ನೆಪದಲ್ಲಿ ಪತಿಯ ದಡ್ಡತನವನ್ನು ತೆಗಳಿರುವುದರಿಂದ ಇದು ವ್ಯಾಜಸ್ತುತಿ.’ ಇಪ್ಪತ್ತಾರು ವರ್ಷದ ಸಂಸಾರ ಒಂದು ವಾಕ್ಯಕ್ಕಾದರೂ ಉಪಯೋಗಕ್ಕೆ ಬಂತಲ್ಲ ಎನಿಸಿತು.

ಫಲಿತಾಂಶ ಬಂತು. ಎರಡೇ ಅಂಕದ ಅಂತರದಲ್ಲಿ ಪಾಸು. ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದು, ದೊಡ್ಡ ಮನಸ್ಸಿನವನಂತೆ ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. “ಆ ಎರಡು ಅಂಕ ನಿನ್ನವೇ. ನೀನು ಬೈದಿದ್ದಕ್ಕೇ ನಾನು ಪಾಸಾಗಿದ್ದು.”

ಅವಳು ಮಿರ್ಚಿ ಕೆಳಗಿಟ್ಟಳು. “ನಾನೆಲ್ಲಿ ಬೈದೆ?”

“ಮೂರು ಸಲ ಬರೆಯೋ ಭಾಗ್ಯ ಅಂದೆಯಲ್ಲ.”

“ಭಾಗ್ಯ ಅಂತಾನೇ ಅಂದಿದ್ದು ಕಣ್ರಿ. ಎಸ್ಸೆಸ್ಸೆಲ್ಸ್ಯಾಗೆ ನಂಗೆ ಲೆಕ್ಕ ಒಂದು ಹೋಯ್ತು. ಇನ್ನೊಂದ್ಸಲ ಕಟ್ತೀನಪ್ಪ ಅಂತ ಅತ್ಕಂಡು ಕೇಳ್ದೆ. ನಮ್ಮೂರು ಭಾನುವಳ್ಳಿಯಿಂದ ಹರಿಹರಕ್ಕೆ ಬಸ್ಸು ಹತ್ತಿ ಹೋಗಿ ಬರೆದಿದ್ದು ಒಂದ್ಸಲ ಸಾಕು ಅಂದ ನಮ್ಮಪ್ಪ. ನೀವು ಮೂರನೇ ಸಲ ಹೊಂಟಾಗ ನನ್ ಹೊಟ್ಟೆ ಉರೀತಿತ್ತು, ಖುಷೀನೂ ಆಗಿತ್ತು. ಅದನ್ನ ಹೋಗಿ ಬೈಗಳ ಅಂತ ಬರೆದ್ ಬಂದೀರಲ್ಲ!”

ಮದುವೆಯಾದಾಗ ಅವಳ ಕಡೆಯವರು ‘ಎಸ್ಸೆಸ್ಸೆಲ್ಸಿವರೆಗೆ ಓದಿದ್ದಾಳೆ’ ಎಂದಿದ್ದರು. ಆ ‘ವರೆಗೆ’ಯಲ್ಲಿ ಏನಿದೆ ಎಂದು ನಾನು ಈ ಇಪ್ಪತ್ತಾರು ವರ್ಷದಲ್ಲಿ ಕೇಳಿರಲಿಲ್ಲ. ಅಂದರೆ ನನ್ನ ಉದಾಹರಣೆ ತಪ್ಪು. ತಪ್ಪು ಉದಾಹರಣೆಗೆ ಅಂಕ ಕೊಟ್ಟ ಪುಣ್ಯಾತ್ಮರಿಗೂ ನನಗೆ ಇರುವಂಥದೇ ಅಭ್ಯಾಸ ಇರಬೇಕು, ಮನೆಯಲ್ಲಿ ಏನು ಹೇಳಿದರೂ ಬೈಗಳವೆಂದೇ ತಿಳಿಯುವುದು.

“ಈಗ ಕಟ್ಟಬೌದೇನ್ರಿ?” ಎಂದಳು ಗಿರಿಜಾ, ಮಿರ್ಚಿಯನ್ನು ಮತ್ತೆ ಎತ್ತಿಕೊಳ್ಳುತ್ತ.

ಕಟ್ಟಬಹುದಂತೆ, ವಿಚಾರಿಸಿಕೊಂಡು ಬಂದಿದ್ದೇನೆ. ಅರ್ಜಿಯನ್ನೂ ತುಂಬಿದ್ದಾಳೆ. ಹೇಳಿಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ, ಮನೆಯಲ್ಲಿ ಎಂ.ಎ. ಪಾಸಾದವರು ಒಬ್ಬರೇ ಇದ್ದಾರೆಂದು ಅವಳೇ ತೀರ್ಮಾನಿಸಿದಳು. ನಾನು ಲೆಕ್ಕದಲ್ಲಿ ಪಾಸಾದದ್ದು ಎಷ್ಟನೆಯ ಸಲಕ್ಕೆ ಎಂಬುದು ನಾನು ಹುಟ್ಟಿದ ಊರಿನವರಿಗೆ ಮಾತ್ರ ಗೊತ್ತು, ಅವರು ಯಾರೂ ಈಗ ಬಾಯಿ ಬಿಡಬಾರದು. ರುದ್ರಪ್ಪನಿಗೆ ಹೇಳಿ ಬೀಜಗಣಿತಕ್ಕೆಂದು ಎರಡು ರ‍್ಯಾಕು ಖಾಲಿ ಮಾಡಿಸಿದ್ದೇನೆ. “ಇಡ್ರಿ ಸಾರ್, ಬ್ಯಾಡ ಅನ್ನಲ್ಲ. ಆದ್ರೆ ಈ ಸಲ ಮ್ಯಾನೇಜರ್‌ಗೂ ಒಂದ್ಮಾತು ಹೇಳ್ರಿ” ಎಂದಿದ್ದಾನೆ. ಹೇಳುತ್ತೇನೆ. ಅದಕ್ಕೂ ಮೊದಲು, ಆ ಗೂಡುಗಳಲ್ಲಿ ಏನಿಡಬೇಕೆಂದು ನಾನು ಕಲಿಯಬೇಕಾಗಿದೆ.