ಕ್ಯಾಮೆರಾ ಕಂಡ ನೀಲಪ್ಪ

ಕೋಳಿ ಕೂಗುವಷ್ಟರಲ್ಲಿ ದುರ್ಗಾಳ ಅರ್ಧ ದಿನ ಮುಗಿದಿರುತ್ತದೆ. ಮೂರಕ್ಕೆ ಎದ್ದು ಅಂಗಳ ಗುಡಿಸಬೇಕು, ಎಮ್ಮೆಯ ಹೆಂಡಿ ತೆಗೆದು ಹಾಲು ಹಿಂಡಬೇಕು, ಅತ್ತೆ ಕಾಡವ್ವನಿಗೆ ಬಿಸಿನೀರು ಕಾಯಿಸಿ ಗುಳಿಗೆ ನುಂಗಿಸಬೇಕು, ಹಿಟ್ಟು ನಾದಿ ಅರವತ್ತು ಜೋಳದ ರೊಟ್ಟಿ ಬಡಿಯಬೇಕು. ಆಮೇಲೆ ಚಳಿಗೆಂದು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಗಂಡನ ಹೆಲ್ಮೆಟ್ ಹಾಕಿ, ಗಂಡನ ಹೆಸರಿನಲ್ಲಿರುವ ಸ್ಕೂಟರಿಗೆ ಬುಟ್ಟಿ ಬಿಗಿದು, ಆರರೊಳಗೆ ಕಿತ್ತೂರಿನ ಹೈವೇ ಖಾನಾವಳಿಗೆ ರೊಟ್ಟಿ ಮುಟ್ಟಿಸಬೇಕು. ಇಷ್ಟೆಲ್ಲ ನಡೆಯುವಾಗ ಗಂಡ ನೀಲಪ್ಪ ಒಂದೇ ಒಂದು ಕೆಲಸ ಮಾಡುತ್ತಿರುತ್ತಾನೆ. ಅದನ್ನು ಮಾತ್ರ ಬಹಳ ಶ್ರದ್ಧೆಯಿಂದ, ಗೊರಕೆಸಮೇತ!

ಊರ ಕಟ್ಟೆಯ ಮೇಲೆ ಅವನ ಕಥೆಯೇ ಬೇರೆ. "ನಾಕಕ್ಕ ಏಳತೇನಿ, ಕಿತ್ತೂರಿಗೆ ರೊಟ್ಟಿ ಮುಟ್ಟಿಸಿ ಬರತೇನಿ. ಧಂದೆ ಅಂದ್ರ ಸುಮ್ಮನ ಏನ್ರೋ!" ಕಟ್ಟೆಯ ಗೆಳೆಯ ನಿಂಗರಾಜ ಇದನ್ನು ಕೇಳಿ ಕೇಳಿ, "ದುಡದ್ರ ನೀಲಪ್ಪನಂಗ ದುಡೀಬೇಕ್ರಪಾ" ಎಂದು ತನ್ನ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದ.

ಹೀಗಿರುವಾಗ ನೋಟೀಸು ಬಂತು. ಹೈವೇ ಕ್ಯಾಮೆರಾ ಬೆಳಗಿನ ಐದೂ ಐವತ್ತಕ್ಕೆ ಹೊಡೆದ ಫೋಟೊ. ನಲವತ್ತರ ಮಿತಿಯಲ್ಲಿ ನಲವತ್ತೊಂಬತ್ತರ ವೇಗ. ಆರೋಪಿ ನೀಲಪ್ಪ! ಹದಿನೈದು ದಿನದಲ್ಲಿ ಬಗೆಹರಿಯದಿದ್ದರೆ ಗಾಡಿ ಜಪ್ತಿ. ದುರ್ಗಾ ಲೆಕ್ಕ ಹಾಕಿದಳು. ಸ್ಕೂಟರ್ ಹೋದರೆ ಖಾನಾವಳಿ ಹೋಯಿತು, ಖಾನಾವಳಿ ಹೋದರೆ ಒಲೆಯೂ ಆರಿತು.

ನೀಲಪ್ಪ ಫೋಟೊ ತಿರುವಿ ತಿರುವಿ ನೋಡಿ ಗುಡುಗಿದ. "ಅಂಗಿ ನಂದು, ಹೆಲ್ಮೆಟ್ ನಂದು. ಆದ್ರ ಒಳಗ ನಾ ಇಲ್ಲ!"

"ಒಳಗ ಇದ್ದಾಕಿ ನಾನರೀ," ಎಂದಳು ದುರ್ಗಾ.

"ಅದನ್ನ ಹೇಳಾಕ ಹತ್ತೇನಿ! ಒಳಗ ಯಾರದಾರ ಅಂತ ತಿಳೀದ ಮಶಿನ್ನು ನನಗ ಹ್ಯಾಂಗ ದಂಡ ಹಾಕತೈತಿ? ಕಾನೂನು ಅನ್ನೂದು ಐತೋ ಇಲ್ಲೋ? ಒಂದು ಕ್ಯಾಮೆರಾ ಕಂಬಕ್ಕ ಸೋಲೂ ಗಂಡಸಲ್ಲ ನಾ!"

ಮೂಲೆಯಿಂದ ಕಾಡವ್ವ ಎಂದಳು: "ಮೊದಲ ಹಾಸಿಗಿ ಮಡಚೋ ನನ್ನಪ್ಪಾ. ಕಂಬ ಎಲ್ಲೂ ಓಡಿ ಹೋಗೂದಿಲ್ಲ."

ಸಾಕ್ಷಿ ಹುಡುಕಲು ಹೈವೇಗೆ ಹೋದ ನೀಲಪ್ಪನಿಗೆ ನಿಧಿಯೇ ಸಿಕ್ಕಿತು! ವೇಗಮಿತಿಯ ಬೋರ್ಡಿನ ಮುಂದೆ ಯಾರೋ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸು. ನಲವತ್ತು ಪೂರಾ ಮುಚ್ಚಿಹೋಗಿ, ಕೈಮುಗಿದ ಮುಖಂಡರ ತಲೆಯ ಮೇಲೆ ಅವರ ವಯಸ್ಸು ಮಾತ್ರ ಢಾಳಾಗಿ ಕಾಣುತ್ತಿತ್ತು: ಐವತ್ತು!

ಮರುದಿನ ಗಂಡಹೆಂಡತಿ ಅದೇ ಸ್ಕೂಟರಿನಲ್ಲಿ ಠಾಣೆಗೆ ಹೋದರು. ತನ್ನದೂ ಒಂದು ನೋಟೀಸು ಹಿಡಿದ ನಿಂಗರಾಜ ಆಗಲೇ ಬೆಂಚಿನ ಮೇಲೆ ಕುಳಿತಿದ್ದ.

"ನೋಡ್ರಿ ಮೇಡಂ," ನೀಲಪ್ಪ ಹೆಡ್ ಕಾನ್‌ಸ್ಟೇಬಲ್ ಜನ್ನತಳ ಮುಂದೆ ಮೊಬೈಲ್ ಹಿಡಿದ. "ಐವತ್ತು ಅಂತ ನೀವ ಹಾಕೀರಿ. ನಾವು ಐವತ್ತರೊಳಗ ಅದೇವಿ!"

ಜನ್ನತ ನಗು ನುಂಗಿಕೊಂಡಳು. "ಬೋರ್ಡ್ ಮುಚ್ಚೇತಿ ಅನ್ನೂದು ಖರೇ. ನಿಮ್ಮ ತಕರಾರು ಒಪ್ಪತೇವ್ರಿ, ದಂಡ ಬಿಡತೇವಿ. ಆದ್ರ ಓಡಿಸಿದವರ ಸಹಿ ಬೇಕು. ನೀವ ಓಡಿಸಿದ್ರಿ?"

"ಛೇ ಛೇ! ನಾ ಆಗ ಮಲಗಿದ್ದೆ!"

ಬೆಂಚು ಕಿರುಗುಟ್ಟಿತು. "ಏ ನೀಲಪ್ಪಾ," ಎಂದ ನಿಂಗರಾಜ, "ನಾಕಕ್ಕ ಏಳತೇನಿ ಅಂತಿದ್ಯಲ್ಲೋ?"

ನೀಲಪ್ಪ ಬೆವೆತ. "ಅಂದ್ರ... ಎದ್ದಿದ್ದೆ. ಹೌದ್ರಿ, ನಾನ ಓಡಿಸೇನಿ!"

"ಲೈಸನ್ಸ್ ತೋರಿಸ್ರಿ."

ತೋರಿಸಿದ. ಅದರ ಅವಧಿ ಮುಗಿದು ಆರು ವರ್ಷವಾಗಿತ್ತು.

"ಹಂಗಾದ್ರ ಗಾಡಿ ಇಲ್ಲೇ ಬಿಟ್ಟು ಹೋಗ್ರಿ," ಎಂದಳು ಜನ್ನತ.

"ಇಲ್ರಿ ಇಲ್ರಿ, ಮಲಗಿದ್ದೆ!"

"ಮಲಗಿದ್ಯೋ ಎದ್ದಿದ್ಯೋ, ಒಂದು ಗಟ್ಟಿ ಮಾಡೋ ಮಾರಾಯಾ," ಎಂದ ನಿಂಗರಾಜ. "ನಮ್ಮ ಪಾಳಿ ಬರಲಿ."

ನೀಲಪ್ಪ ದುರ್ಗಾಳ ಕಿವಿಯಲ್ಲಿ ಪಿಸುಗುಟ್ಟಿದ: "ನೀನ ಓಡಿಸೀದಿ ಅಂತ ಬರಿ. ನಾ ಮುರಗೋಡ ಮಠಕ್ಕ ಹೋಗಿದ್ದೆ ಅಂತ ಬರಿ. ಮರ್ಯಾದಿ ನಿನ್ನ ಕೈಯಾಗೈತಿ!" ಅಷ್ಟು ಹೇಳಿ ನೀರು ಕುಡಿಯುವ ನೆಪದಲ್ಲಿ ಹೊರಗೆ ಜಾರಿದ.

ದುರ್ಗಾ ತನ್ನ ಲೈಸನ್ಸ್ ಮೇಜಿನ ಮೇಲಿಟ್ಟು ಫಾರ್ಮು ಎಳೆದುಕೊಂಡಳು. ಓಡಿಸಿದವರು: ದುರ್ಗಾ. ಉದ್ಯೋಗ: ರೊಟ್ಟಿ ವ್ಯಾಪಾರ. ಪೆನ್ನು ಸರಸರ ಓಡಿ ಕೊನೆಯ ಸಾಲಿಗೆ ಬಂದು ನಿಂತಿತು. 'ಆ ವೇಳೆಯಲ್ಲಿ ವಾಹನದ ಮಾಲೀಕರು ಎಲ್ಲಿದ್ದರು?'

"ಇಲ್ಲೇನ ಬರೀಲಿ, ಮೇಡಂ?"

"ಅದು ನಿಮಗ ಬಿಟ್ಟದ್ದು, ಅಕ್ಕಾ," ಎಂದು ಜನ್ನತ ಬೇರೆ ಕಡತಕ್ಕೆ ತಿರುಗಿದಳು.

ಕಿಟಕಿಯಾಚೆ ನೀಲಪ್ಪ ಎರಡೂ ಕೈ ಮುಗಿದು, ಕಣ್ಣು ಮುಚ್ಚಿ, ಮಠದ ಮುಂದೆ ನಿಂತ ಭಕ್ತನ ಸೋಗು ಹಾಕಿ ನೆನಪು ಮಾಡಿಕೊಡುತ್ತಿದ್ದ. ದುರ್ಗಾ ನೋಟೀಸಿನ ಫೋಟೊ ನೋಡಿದಳು. ಕ್ಯಾಮೆರಾವನ್ನು ಬೈದು ಏನು ಪ್ರಯೋಜನ? ಅದಕ್ಕೆ ಅಂಗಿ ಕಂಡಿತು, ಅಂಗಿಯ ಯಜಮಾನನ ಹೆಸರು ಬರೆಯಿತು. ಇಷ್ಟು ವರ್ಷ ಊರು ಮಾಡಿದ್ದೂ ಅದನ್ನೇ!

ಮುರಗೋಡ ಎಂದು ಬರೆದರೆ ಮನೆಯಲ್ಲಿ ಜಗಳವಿಲ್ಲ. ಗಾಡಿಯೂ ಉಳಿಯುತ್ತದೆ, ಗಂಡನ ಕಟ್ಟೆಯೂ ಉಳಿಯುತ್ತದೆ.

ದುರ್ಗಾ 'ಹಾಸಿಗೆಯಲ್ಲಿ' ಎಂದು ಬರೆದಳು. ಸಾಲಿನಲ್ಲಿ ಇನ್ನೂ ಜಾಗ ಉಳಿದಿತ್ತು. ಒಂದು ಕ್ಷಣ ಯೋಚಿಸಿ, ಬೆಂಚಿನ ಮೇಲಿಂದಲೇ ನಿಂಗರಾಜನಿಗೆ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಇನ್ನೊಂದು ಪದ ಸೇರಿಸಿದಳು:

'ಎಂದಿನಂತೆ.'