ಗೊರಕೆಗೆ ವಾರಸುದಾರರು ಯಾರು?

ಹೆಂಡತಿ: ತೆಗೀರಿ ಅಂದ್ರೆ ತೆಗೀರಿ. ಈಗಲೇ, ನನ್ನ ಕಣ್ಣೆದುರಿಗೇ.

ಗಂಡ: ಯಾಕೆ ತೆಗೀಬೇಕು? ಅದರಲ್ಲಿ ನಿನ್ನ ಹೆಸರಿಲ್ಲ, ಮುಖ ಇಲ್ಲ. ಒಂದು ಹಾಸಿಗೆ, ಒಂದು ದಿಂಬು, ಒಂದು ಗೊರಕೆ. ಅಷ್ಟೇ.

ಹೆಂಡತಿ: ಆ ಗೊರಕೇನೇ ತೆಗೀರಿ ಅಂತಿರೋದು.

ಗಂಡ: ಗೊರಕೆ ತೆಗೆದ್ರೆ ಉಳಿಯೋದು ಬರೀ ಹಾಸಿಗೆ. ಬರೀ ಹಾಸಿಗೇನ ಯಾರು ನೋಡ್ತಾರೆ?

ಇದು ನಡೆದದ್ದು ಹಾಸಿಗೆ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ. ಅಂಗಡಿಯ ಯಜಮಾನ ಹಿಂದಿನ ವಾರ ತಾನೇ ಒಂದು ಜಾಹೀರಾತು ಮಾಡಿ ಆನ್‌ಲೈನ್‌ನಲ್ಲಿ ಹರಿಯಬಿಟ್ಟಿದ್ದ. ಪರದೆಯ ಮೇಲೆ ಬಿಳಿ ಹೊದಿಕೆಯ ಹಾಸಿಗೆ, ಹಿನ್ನೆಲೆಯಲ್ಲಿ ಗಡದ್ದಾದ ಗೊರಕೆ, ಕೊನೆಗೆ 'ಇಂಥ ನಿದ್ದೆ ನಿಮಗೂ ಬೇಕೆ?' ಎಂಬ ಪ್ರಶ್ನೆ. ಊರಿಗೆ ಊರೇ ನೋಡಿ ನಕ್ಕಿತ್ತು. ನಗದವಳು ಅವನ ಹೆಂಡತಿ ಒಬ್ಬಳೇ. ಅವಳು ಗ್ರಂಥಾಲಯದ ಮುಖ್ಯಸ್ಥೆ. ಯಾರಾದರೂ ಕುರ್ಚಿ ಎಳೆದರೂ ಕನ್ನಡಕದ ಮೇಲಿಂದ ನೋಡಿಯೇ ಸುಮ್ಮನಾಗಿಸುವವಳು. ಇವತ್ತು ಅವಳು ವಕೀಲ ತಮ್ಮನನ್ನೂ ಎಳೆದುಕೊಂಡು ಬಂದಿದ್ದಳು. ಇಂಥ ಆನ್‌ಲೈನ್ ತಕರಾರುಗಳೇ ಅವನ ಹೊಟ್ಟೆಪಾಡು. ಅವನು ಮಾರಾಟದ ಹಾಸಿಗೆಯೊಂದರ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಿದ್ದ. ಅಲ್ಲಾಡಿದಾಗಲೆಲ್ಲ ಕೆಳಗಿನ ಪ್ಲಾಸ್ಟಿಕ್ ಚರಚರ ಎನ್ನುತ್ತಿತ್ತು.

ವಕೀಲ: ಭಾವ, ಹುಡುಗಾಟ ಅಲ್ಲ ಇದು. ಕೇಳಿದ ತಕ್ಷಣ ಇಂಥವರದ್ದೇ ಅಂತ ಗುರುತು ಸಿಗೋ ಹಾಗಿದ್ರೆ ಧ್ವನಿನೂ ಖಾಸಗಿ ಮಾಹಿತಿನೇ.

ಗಂಡ: ಗೊರಕೆ ಧ್ವನಿ ಹೇಗಾಗುತ್ತಯ್ಯ? ಧ್ವನಿ ಗಂಟಲಿಂದ ಬರುತ್ತೆ, ಇದು ಮೂಗಿಂದ.

ವಕೀಲ: ಕಾನೂನಿಗೆ ಮೂಗೂ ಒಂದೇ ಗಂಟಲೂ ಒಂದೇ. ನೀವು ವ್ಯಾಪಾರಕ್ಕೆ ಬಳಸಿದ್ದೀರಿ. ಒಪ್ಪಿಗೆ ಕೇಳಿದ್ರಾ?

ಗಂಡ: ಕೇಳಿದೆ. 'ಹೂಂ' ಅಂತ ಬಂತು.

ಹೆಂಡತಿ: ಯಾವಾಗ ಕೇಳಿದ್ರಿ?

ಗಂಡ: ಗೊರಕೆ ಮಧ್ಯದಲ್ಲೇ.

ವಕೀಲ: ನಿದ್ದೇಲಿರೋರ ಒಪ್ಪಿಗೆ ಒಪ್ಪಿಗೆ ಅಲ್ಲ.

ಗಂಡ: ಓಹೋ. ಮತ್ತೆ ನೀನು ಫೋನಲ್ಲಿ ಅಷ್ಟುದ್ದದ ಷರತ್ತಲ್ಲಿ ಒಂದಕ್ಷರ ಓದದೆ 'ಒಪ್ಪಿದ್ದೇನೆ' ಅಂತ ಒತ್ತುತ್ತೀಯಲ್ಲ, ಅದೇನು ಎಚ್ಚರದಲ್ಲಿ ಒತ್ತೋದಾ?

ವಕೀಲ ಕೆಮ್ಮಿದ. ಪ್ಲಾಸ್ಟಿಕ್ಕೂ ಚರಗುಟ್ಟಿತು. ಹೆಂಡತಿ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದಳು.

ಗಂಡ: ಅಲ್ಲ ಕಣೇ, ಅದು ನಿನ್ನದು ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?

ಹೆಂಡತಿ: ನೀವು ಹೇಳಬೇಕಾ? ಹಾಸಿಗೆ ಅಂಗಡಿಯವನ ಮನೇಲಿ ಅವನ ಪಕ್ಕ ಮಲಗೋಳು ಇನ್ಯಾರು ಅಂತ ಜನಕ್ಕೆ ಗೊತ್ತಾಗಲ್ವಾ? ನನ್ನದಲ್ಲದಿದ್ರೆ ಯಾರದ್ದು, ಹೇಳಿ ನೋಡೋಣ.

ಗಂಡ: ಹೇಳೋಕಾಗಲ್ಲ. ಅದು ಅವರ ಖಾಸಗಿ ವಿಷಯ.

ಹೆಂಡತಿ: ನೋಡಿದ್ಯೇನೋ? ಬಾಯಿ ಬಿಡೋಕೆ ದಾರಿ ಇಲ್ಲ. ನೀನು ನೋಟಿಸು ಬರಿ.

ವಕೀಲ ಟಪಟಪ ಕೀಲಿ ಒತ್ತತೊಡಗಿದ. ಎರಡು ಸಾಲು ಆಗುತ್ತಲೇ ಕೈ ನಿಂತಿತು.

ವಕೀಲ: ಅಕ್ಕ, ಇಲ್ಲೊಂದು ಸಣ್ಣ ವಿಷಯ. 'ಸದರಿ ಗೊರಕೆ ನನ್ನದೇ' ಅಂತ ಬರೆದು ಕೆಳಗೆ ನೀನು ಸಹಿ ಹಾಕಬೇಕಾಗುತ್ತೆ.

ಹೆಂಡತಿ: ನಾನ್ಯಾಕೆ ಹಾಗೆ ಬರೀಲಿ? ನಾನು ಗೊರಕೆ ಹೊಡೆಯೋದಿಲ್ಲ.

ಗಂಡ ಹಿಂದೆ ಒಟ್ಟಿದ್ದ ದಿಂಬುಗಳಿಗೆ ಆರಾಮಾಗಿ ಒರಗಿದ. ಮದುವೆಯಾದ ಮೇಲೆ ಈ ಮಾತು ಇಷ್ಟು ಸಿಹಿಯಾಗಿ ಅವನ ಕಿವಿಗೆ ಬಿದ್ದದ್ದು ಇದೇ ಮೊದಲು.

ಗಂಡ: ಕೇಳಿಸ್ಕೊಂಡ್ರಾ ವಕೀಲ್ರೇ? ನಿಮ್ಮ ಕಕ್ಷಿದಾರರು ಗೊರಕೆ ಹೊಡೆಯೋದೇ ಇಲ್ವಂತೆ. ಹೊಡೀದೇ ಇರೋ ಗೊರಕೆನ ನಾನು ಹೇಗೆ ಕದಿಯೋದು?

ಹೆಂಡತಿ: 'ಆರೋಪಿತ ಗೊರಕೆ' ಅಂತ ಬರಿ.

ವಕೀಲ: ಹಾಗೆ ಬರೆದ್ರೆ ಪರಿಹಾರನೂ ಆರೋಪಿತವಾಗೇ ಸಿಗುತ್ತೆ ಅಕ್ಕ.

ಹೆಂಡತಿ: ಸಾಕ್ಷಿ ಹಾಕು. ಬೇರೆಯವರು ಹೇಳಲಿ, ನಾನು ಹೇಳಲ್ಲ.

ವಕೀಲ: ಈ ಊರಲ್ಲಿ ನಿನ್ನ ನಿದ್ದೆ ಕೇಳಿರೋರು ಇಬ್ಬರೇ. ಒಬ್ಬರು ಎದುರು ಪಾರ್ಟಿ. ಇನ್ನೊಬ್ಬ ಚಿಕ್ಕಂದಿನಲ್ಲಿ ನಿನ್ನ ಪಕ್ಕದ ಹಾಸಿಗೇಲಿ ಮಲಗ್ತಿದ್ದ ನಾನು. ನಾನು ಸಾಕ್ಷಿಕಟ್ಟೆ ಹತ್ತಿದ್ರೆ ನಿನ್ನ ಪರವಾಗಿ ವಾದ ಮಾಡೋರು ಯಾರು?

ಗಂಡ: ಸುಮ್ಮನೆ ಬಿಟ್ಬಿಡು ಕಣೇ. ನಕ್ಕೋರೆಲ್ಲ ನಾಳೆ ಮರೀತಾರೆ.

ಹೆಂಡತಿ: ಮರೀತಾರಾ? ಒಬ್ಬ ಹುಡುಗ ಅದನ್ನ ರಿಂಗ್‌ಟೋನ್ ಮಾಡ್ಕೊಂಡಿದ್ದಾನೆ. ಇವತ್ತು ಬೆಳಿಗ್ಗೆ ಓದೋ ಕೋಣೇಲಿ ಹೊಡ್ಕೊಳ್ತು. ಅಷ್ಟೂ ಜನ ಪುಸ್ತಕದಿಂದ ತಲೆ ಎತ್ತಿ ನನ್ನನ್ನೇ ನೋಡಿದ್ರು. 'ಯಾರದ್ದದು ದರಿದ್ರ ಸದ್ದು, ನಿಲ್ಲಿಸಿ' ಅಂತ ಗದರಿದೆ. ನನ್ನ ಗೊರಕೆನ ನಾನೇ ಗದರಿದೆ.

ಗಂಡನೂ ತಮ್ಮನೂ ಒಟ್ಟಿಗೇ ಅವಳತ್ತ ತಿರುಗಿದರು. ಆಡಿದ ಮಾತು ಏನೆಂದು ಅವಳಿಗೇ ತಿಳಿಯಿತು. ಆದರೆ ಈಗ ನುಂಗಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

ಹೆಂಡತಿ: ಹೌದು, ನನ್ನದೇ. ಬರ್ಕೊಳ್ಳೋ. ಕೊನೇಲಿ ಬರೋ ಆ ಸಣ್ಣ ಸೀಟಿನೂ ನನ್ನದೇ. ಹಾಸ್ಟೆಲಿನಲ್ಲಿ ಅದಕ್ಕೇ ನನ್ನ ರೈಲು ಅಂತಿದ್ರು. ನೆಂಟರ ಮನೆಗೆ ಹೋದ್ರೆ ಎಲ್ಲರೂ ಮಲಗೋ ತನಕ ಕಣ್ಣು ಬಿಟ್ಕೊಂಡು ಕೂತಿರ್ತೀನಿ, ಗೊತ್ತಾ ನಿಮಗೆ? ನಾಚಿಕೆ ಆಗುತ್ತೆ ನನಗೆ. ಅದನ್ನೇ ತಗೊಂಡು ಹಾಸಿಗೆ ಮಾರಿದ್ರಲ್ಲ ನೀವು.

ಗಂಡ ದಿಂಬು ಬಿಟ್ಟು ನೆಟ್ಟಗೆ ಕೂತ. ಅವಳ ಕಣ್ಣು ತುಂಬಿದ್ದು ನೋಡಿ ಫೋನು ಕೈಗೆತ್ತಿಕೊಂಡ. ನೆಂಟರ ಮನೆಯಲ್ಲಿ ಅವಳು ನಿದ್ದೆಗೆಡುವುದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಗಂಡ: ಅಳಬೇಡ ಕಣೇ. ಇಗೋ, ತೆಗೆದುಬಿಟ್ಟೆ, ಹೋಯ್ತು. ಆದ್ರೆ ದೇವರಾಣೆ ಅದು ನಿನ್ನದಲ್ಲ.

ವಕೀಲ: ಭಾವ, ತಪ್ಪಿಸ್ಕೊಳ್ಳೋಕೆ ನೋಡಬೇಡಿ. ಇಂಥ ಕೆಲಸ ಮಾಡಿದೋರನ್ನ ಸುಮ್ಮನೆ ಬಿಡಬಾರದು. ಮೂಲ ರೆಕಾರ್ಡಿಂಗ್ ಹಾಕಿ, ಪೂರ್ತಿ ಕೇಳೋಣ.

ಗಂಡ: ಬೇಡ ಕಣಯ್ಯ.

ವಕೀಲ: ಹಾಕಿ ಅಂದೆ.

ಗಂಡ ಹಾಕಿದ. ಗೊರಕೆ ಏರಿತು, ಇಳಿಯಿತು, ಸೀಟಿ ಹೊಡೆಯಿತು. ಜಾಹೀರಾತಿನಲ್ಲಿ ಕತ್ತರಿಸಿಹೋಗಿದ್ದ ಭಾಗ ಆಮೇಲೆ ಬಂತು: ನಿದ್ದೆಯಲ್ಲಿದ್ದ ಗಂಡಸಿನ ದನಿಯೊಂದು, 'ಹೂಂ... ಮುಂದಿನ ತಾರೀಖು ಕೊಡಿ ಸ್ವಾಮಿ' ಎಂದು ಗೊಣಗಿ ಮತ್ತೆ ಗೊರಕೆಗಿಳಿಯಿತು.

ಗಂಡ: ಹೋದ ತಿಂಗಳು ಊಟ ಮುಗಿಸ್ಕೊಂಡು ಬಂದು, ಹಾಸಿಗೆ ಹೇಗಿದೆ ನೋಡ್ತೀನಿ ಅಂತ ಒರಗಿದ್ಯಲ್ಲ, ಆವತ್ತಿಂದು. ಅಕ್ಕ ತಮ್ಮ ಇಬ್ಬರದ್ದೂ ಒಂದೇ ಅಚ್ಚು. ನಿನ್ನ ಹೆಸರು ಹೇಳಿದ್ರೆ ನೀನೇ ಕೇಸು ಹಾಕ್ತೀಯ ಅಂತ ಬಾಯಿ ಮುಚ್ಕೊಂಡಿದ್ದೆ.

ವಕೀಲನ ಕಿವಿ ಕೆಂಪಾಯಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ತಮ್ಮನ ಲ್ಯಾಪ್‌ಟಾಪನ್ನು ಅವನ ಕಡೆಗೇ ತಿರುಗಿಸಿದಳು.

ಹೆಂಡತಿ: ಈಗ ನೀನು ಸಹಿ ಹಾಕು.

ವಕೀಲ: ಅದೂ... ನಮ್ಮ ಮನೆತನದ ವಿಷಯ ಅಕ್ಕ. ಮಾತಾಡಿ ಬಗೆಹರಿಸ್ಕೊಂಡ್ರೆ ಒಳ್ಳೇದು.

ಹೆಂಡತಿ: ಹಾಗಾದ್ರೆ ನಾನು ಹೇಳಿದ್ದನ್ನೆಲ್ಲ ಅಳಿಸು.

ವಕೀಲ: ಅಳಿಸಿದೆ. ಅಳಿಸಿ ಅಂತ ಕೇಳೋ ಹಕ್ಕು ನಿನಗಿದೆ.

ಹೆಂಡತಿ: ನೀವೂ ರೀ. ನೀವೇನೂ ಕೇಳಿಸ್ಕೊಂಡಿಲ್ಲ.

ಗಂಡ: ನಾನಾ? ಮದುವೆ ಆದಾಗಿಂದ ದಿನಾ ಕೇಳಿಸ್ಕೊಂಡೇ ಮಲಗಿದ್ದೀನಿ. ಒಂದು ನರಪಿಳ್ಳೆಗೂ ಬಾಯಿ ಬಿಟ್ಟಿಲ್ಲ. ನನ್ನಷ್ಟು ಭದ್ರವಾಗಿ ಮಾಹಿತಿ ಕಾಪಾಡಿರೋ ಕಂಪನಿ ಒಂದು ತೋರಿಸು.

ಹೆಂಡತಿಗೆ ಬೇಡವೆಂದರೂ ನಗು ಬಂತು. ಬ್ಯಾಗನ್ನು ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

ಹೆಂಡತಿ: ನಾನೂ ಅಷ್ಟೇ. ನಿಮ್ಮ ಗೊರಕೆ ವಿಷಯ ನಾನೂ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ.

ಗಂಡ: ನನ್ನದಾ? ನಾನೆಲ್ಲಿ ಗೊರಕೆ ಹೊಡೀತೀನಿ?