ಸ್ಕಾರ್ ಮನೆಯ ಕಂಬದ ದೀಪ

ವರ್ಲಿನ್ ಸ್ಕಾರ್‌ನ ಕೊಟ್ಟಿಗೆಯ ಹಿಂದಿನ ಕಂಬದ ದೀಪ ಒಂದು ರಾತ್ರಿ ಉರಿಯಲಿಲ್ಲ. ಅಷ್ಟಕ್ಕೇ ಬೆಳಿಗ್ಗೆ ಅವನ ಬಾಗಿಲಿಗೆ ಸಾವಿನ ಮನೆಯ ಊಟ ಬಂತು.

ತಂದವಳು ಪಕ್ಕದ ಹೊಲದ ಮುದುಕಿ ಮೇವಿಸ್. ಕೈಯಲ್ಲಿ ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ, ಹಬೆಯಾಡುವ ಹಾಟ್‌ಡಿಶ್ ತಟ್ಟೆ, ಮುಖದಲ್ಲಿ ದಾರಿಯುದ್ದಕ್ಕೂ ತಯಾರು ಮಾಡಿಕೊಂಡು ಬಂದ ದುಃಖ.

“ಅಯ್ಯೋ, ನೀನು ಬದುಕಿದ್ದೀಯಾ! ಹಾಗಾದ್ರೆ ಹೋಗಿದ್ದು ಆರ್ಡಿಸ್ಸಾ?”

“ಅವಳು ಒಳಗೆ ಕಾಫಿ ಕುಡೀತಿದ್ದಾಳೆ. ಹೋಗಿದ್ದು ದೀಪ, ಮೇವಿಸ್. ಬರೀ ದೀಪ!”

ತಟ್ಟೆ ಕೊಡಬೇಕೋ ವಾಪಸ್ ಒಯ್ಯಬೇಕೋ ತಿಳಿಯದೆ ಮುದುಕಿ ಅದನ್ನು ಹಿಡಿದುಕೊಂಡೇ ನಿಂತಳು.

ಡಕೋಟಾದ ಆ ಬಯಲಲ್ಲಿ ಮೈಲಿಗೊಂದು ಮನೆ. ಕಂಬದ ದೀಪ ಹಸಿರುಹಸಿರಾಗಿ ಉರಿದರೆ ಮನೆಯವರು ನೆಟ್ಟಗಿದ್ದಾರೆ ಅಂತ ಲೆಕ್ಕ. ಆರಿತೋ, ಊರೇ ಎದ್ದು ಬಂತು. ಮನುಷ್ಯ ತನ್ನ ಮನೆಯಲ್ಲಿ ತನ್ನ ಪಾಡಿಗೆ ಕತ್ತಲಲ್ಲಿ ಕೂರುವ ಹಾಗೂ ಇಲ್ಲ!

“ಸಂಜೆಯೊಳಗೆ ಉರೀದಿದ್ರೆ ಲೋವೆಲ್‌ನ ಕರೀತೀನಿ,” ಎಂದಳು ಹೆಂಡತಿ ಆರ್ಡಿಸ್ ಒಳಗಿನಿಂದ.

ಲೋವೆಲ್ ಅವಳ ತಮ್ಮ. ಹೋದ ವರ್ಷ ವರ್ಲಿನ್‌ನ ನೀರಿನ ಪಂಪು ರಿಪೇರಿ ಮಾಡಿದವನು ಆ ಕತೆಯನ್ನು ಇವತ್ತಿಗೂ ಪ್ರತಿ ಭಾನುವಾರ ಚರ್ಚಿನ ಕಾಫಿ ಹೊತ್ತಿಗೆ ಹೇಳುತ್ತಿದ್ದ. ಇನ್ನೊಂದು ಚಳಿಗಾಲ ಅದನ್ನು ಕೇಳುವುದಕ್ಕಿಂತ ಕಂಬದಿಂದ ಬಿದ್ದು ಸಾಯುವುದೇ ವಾಸಿ ಎಂದುಕೊಂಡು ವರ್ಲಿನ್ ಮೇನ್ ಆಫ್ ಮಾಡಿ ಏಣಿ ಹತ್ತಿದ.

ಆ ಹಳೇ ಪಾದರಸದ ಬಲ್ಬು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನೂ ಅದರ ಇಟ್ಟಿಗೆ ಭಾರದ ಚೋಕನ್ನೂ ಕಿತ್ತು, ತಂತಿ ನೇರ ಹೋಲ್ಡರಿಗೆ ಕೊಟ್ಟು, ಅಡುಗೆಮನೆಯ ಬಲ್ಬು ಹಾಕುವುದೆಂದು ಅವನ ಯೋಚನೆ. ಅಷ್ಟರಲ್ಲಿ ಜೋಳದ ಕಟಾವು ಬಿಟ್ಟು ನೆರೆಯ ರೈತ ಎಲ್ರಾಯ್ ಲಾರಿ ತಂದು ಕೆಳಗೆ ನಿಲ್ಲಿಸಿದ. ಮೇವಿಸ್ ಕೈ ಸೋತು ತಟ್ಟೆಯನ್ನು ಅದರ ಮೂತಿಯ ಮೇಲಿಟ್ಟಳು.

“ಎಡಗಡೆ ತಿರುಗಿಸೋ! ಬಲಗಡೆ! ನೀನು ಬಿಡು, ಲೋವೆಲ್‌ನ ಕರಿ!” ಎಂದು ಎಲ್ರಾಯ್ ಕೆಳಗಿನಿಂದ ಕೂಗಿದ.

ಆ ಹೆಸರು ಕೇಳಿದ್ದೇ ವರ್ಲಿನ್ ಸಿಡುಕಿ ಕೆಳಗೆ ತಿರುಗಿದ. ಚೋಕು ಜಾರಿ ನೇರ ಹಾಟ್‌ಡಿಶ್ ಒಳಗೆ ಬಿತ್ತು. ಎಲ್ರಾಯ್‌ನ ಗಡ್ಡದಲ್ಲಿ ಆಲೂಗಡ್ಡೆ ಅರಳಿತು.

ಹೋಲ್ಡರೋ, ಆಕಳಿಸುವ ಹಸುವಿನ ಬಾಯಿ; ಬಲ್ಬು ಅದರೊಳಗೆ ಕಡಲೆಕಾಯಿ. ಪೇಟೆಗೆ ಓಡಿ ಬಾಯಿ ಕಿರಿದು ಮಾಡುವ ಅಡಾಪ್ಟರು ತಂದು, ಸಿಕ್ಕಿಸಿ, ಮೇನ್ ಹಾಕಿದರೆ ಬಲ್ಬು ಹತ್ತಲಿಲ್ಲ. ಬಿಚ್ಚಿದ, ಕಟ್ಟಿದ. ಮತ್ತೆ ಬಿಚ್ಚಿದ, ಮತ್ತೆ ಕಟ್ಟಿದ. ಎಲ್ರಾಯ್ ಗಡ್ಡ ಒರೆಸಿಕೊಳ್ಳುತ್ತ ನೋಡಿದ, ಕೊನೆಗೆ ನಕ್ಕ.

“ಲೋ ದಡ್ಡ, ಅದು ಕತ್ತಲಾದ್ರೆ ತಾನೇ ಹತ್ತೋ ದೀಪ! ಅದರ ನೆತ್ತಿ ಮೇಲಿನ ಸೆನ್ಸರ್ ಕಣ್ಣಿಗೆ ಬಿಸಿಲು ಬೀಳ್ತಿದೆ. ಟೋಪಿ ಮುಚ್ಚು!”

ಟೋಪಿ ಮುಚ್ಚಿದ. ಹಳದಿ ಬೆಳಕು ಹತ್ತಿತು.

“ಯಾಕೋ ಮಿಣಮಿಣ ಅಂತಿದೆ?” ಎಂದ ವರ್ಲಿನ್ ಏಣಿಯ ಮೇಲಿಂದ.

“ಹಳೇ ಕಣ್ಣು, ಹೊಸ ಬಲ್ಬು. ಹೊಸ ಸಂಸಾರ ಕಣೋ, ಹೊಂದ್ಕೊಳ್ಳುತ್ತೆ ಬಿಡು.”

ಕತ್ತಲಾಯಿತು. ಕಟಾವಿನ ಧೂಳು ಬಯಲಿನ ತುಂಬ ಎದ್ದಿತ್ತು. ಕೊಟ್ಟಿಗೆಯ ಸೂರಿನಾಚೆ ದೀಪ ತಾನೇ ಹೊತ್ತಿಕೊಂಡಿತು. ವರ್ಲಿನ್ ಕಾಫಿ ಲೋಟ ಹಿಡಿದು ಮಹಾರಾಜನ ಹಾಗೆ ಕುರ್ಚಿಯಲ್ಲಿ ಕಾಲು ಚಾಚಿದ.

“ಆರ್ಡಿಸ್, ಫೋನು ಮುಟ್ಟಬೇಡ. ನಿನ್ನ ತಮ್ಮ ಮನೇಲೇ ಇರ್ಲಿ.”

“ನಾನು ಯಾರಿಗೂ ಮಾಡಿಲ್ಲಪ್ಪ,” ಎಂದಳು ಆರ್ಡಿಸ್. ಅಷ್ಟರಲ್ಲಿ ಸೈರನ್ ಕೇಳಿಸಿತು.

ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಬಂಡಿ ಅಂಗಳಕ್ಕೆ ನುಗ್ಗಿತು. ವರ್ಲಿನ್ ಬಾಗಿಲಿಗೆ ಬಂದು ಬಾಯಿ ತೆರೆಯುವುದರೊಳಗೆ ಸೂರಿನ ಮೇಲಿಂದ ನೀರು ಹಾರಿತು. ಠಣ್! ಕತ್ತಲು.

ಬಂಡಿಯಿಂದ ಲೋವೆಲ್ ಹೆಲ್ಮೆಟ್ ಸರಿಮಾಡಿಕೊಳ್ಳುತ್ತ ಇಳಿದ. “ಭಾವಾ, ಹೆದರಬೇಡಿ, ಆರಿಸಿಬಿಟ್ಟೆ! ಕೊಟ್ಟಿಗೆ ಹಿಂದೆ ಹಳದಿ ಬೆಂಕಿ ಕುಣೀತಿದೆ ಅಂತ ಮೇವಿಸ್ ಫೋನ್ ಮಾಡಿದ್ಲು.”

“ಅದು ದೀಪ ಕಣೋ!”

ಲೋವೆಲ್ ಹಿಂದಕ್ಕೆ ಹೋಗಿ ಕಂಬಕ್ಕೆ ಟಾರ್ಚು ಬಿಟ್ಟ. ಬರೀ ತಂತಿ ತೊಟ್ಟಿಕ್ಕುತ್ತಿತ್ತು. “ಥೂ, ಯಾರು ಹಾಕಿದ್ದು ಇದನ್ನ? ಬಿಡಿ ಭಾವ, ನಾಳೆ ನಾನೇ ಬಂದು ಸರಿಯಾಗಿ ಹಾಕಿಕೊಡ್ತೀನಿ. ಪಂಪಿನ ಹಾಗೆ.”

ಅವನ ಹಿಂದೆ, ಕತ್ತಲಲ್ಲಿ, ಮೇವಿಸ್ ಇನ್ನೊಂದು ತಟ್ಟೆ ಹಿಡಿದು ನಿಂತಿದ್ದಳು. ಸಾವಿನ ಮನೆಯವನಂತಿದ್ದ ವರ್ಲಿನ್‌ನ ಮುಖ ನೋಡಿದಳು. ಈ ಸಲ ಕೊಡಬೇಕೋ ಒಯ್ಯಬೇಕೋ ಎಂಬ ಅನುಮಾನ ಅವಳಿಗೆ ಬರಲಿಲ್ಲ.